ಅಮ್ಮನ ವಿಭೂತಿಗೂ ಜಗ್ಗದ ಬಣ್ಣ

ಬೇರೆಯವರ ಮನೆಯ ಗೇಟನ್ನು ಉಗುರಿನಿಂದ ಕೆರೆದು ನೋಡುವ ಚಟ ಈಚೆಗೆ ನನಗೆ ಹತ್ತಿಕೊಂಡಿದೆ. ಬೆಳಿಗ್ಗೆ ವಾಕಿಂಗ್ ಹೊರಟರೆ ಕುಂಬಾರಕೊಪ್ಪಲಿನ ನಮ್ಮ ಬೀದಿಯ ಒಂದು ಗೇಟೂ ನನ್ನ ಕೈಯಿಂದ ಪಾರಾಗುವುದಿಲ್ಲ. ಬಣ್ಣ ಉಬ್ಬಿದೆಯೇ, ಉಬ್ಬಿದ್ದರೆ ಅಡಿಯಲ್ಲಿ ಪ್ರೈಮರ್ ಇದೆಯೋ, ಬರಿ ಕಬ್ಬಿಣದ ಮೇಲೇ ಬಳಿದು ಕೈತೊಳೆದುಕೊಂಡಿದ್ದಾರೋ ಎಂದು ತಿಳಿಯುವವರೆಗೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಮೊನ್ನೆ ಮೂಲೆಮನೆಯವರು ಬಾಗಿಲು ತೆರೆದು, "ಯಾರ್ ಬೇಕಿತ್ತು ಮೇಡಂ?" ಎಂದರು. "ಯಾರೂ ಬೇಡ, ಗೇಟ್ ನೋಡ್ತಿದ್ದೆ" ಎಂದೆ. ಅವರು ಬಾಗಿಲು ಹಾಕಿಕೊಂಡ ರೀತಿಯಲ್ಲೇ ನಿವೃತ್ತ ಅಧ್ಯಾಪಕಿಯೊಬ್ಬಳ ಬಗ್ಗೆ ಬೀದಿಗೆ ಇರುವ ಅನುಕಂಪವೆಲ್ಲ ಇತ್ತು.

ಇದಕ್ಕೆಲ್ಲ ಕಾರಣ ನನ್ನ ಹಳೆಯ ಮೊಪೆಡ್. ನಾನು ಎಂ.ಎ. ಓದುವಾಗ ಮನೆಗೆ ಬಂದ ಗಾಡಿ ಅದು. ಅದರ ಮೇಲೆ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಹಾದು ತರಗತಿಗೆ ಹೋಗುತ್ತಿದ್ದೆ. ಭಾನುವಾರ ಬಂದರೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಲಕ್ಷ್ಮೀಪುರಂನ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಕೆರೆಯ ಗಾಳಿ ಕೆನ್ನೆಗೆ ಬಡಿಯುತ್ತಿದ್ದದ್ದು ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟವಳು ಕೈ ತಡೆದೆ. ಅದು ಆ ಕಾಲದ ಗಾಳಿಯೋ, ಆಮೇಲೆ ನಾನೇ ಬೀಸಿಕೊಂಡದ್ದೋ ಹೇಳಲಾರೆ. ಚರಿತ್ರೆ ಓದಿದವಳು ನೆನಪನ್ನು ನಂಬಬಾರದು. ಹಾಗೆಂದೇ ಅಂದಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ; ಅದೂ ಕೈಕೊಡುತ್ತದೆ. ಮೊಪೆಡ್ ಬಂದ ದಿನದ ಪುಟದಲ್ಲಿ, "ಗಾಡಿ ಬಂತು. ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ" ಎಂದಿದೆ. ಗಾಡಿ ಯಾವ ಬಣ್ಣದ್ದು ಎಂದಿಲ್ಲ. ನಾನು ನೀಲಿ ಎನ್ನುತ್ತೇನೆ, ಅಮ್ಮ ಹಸಿರು ಎನ್ನುತ್ತಾಳೆ. ನಡುವೆ ಅದಕ್ಕೆ ಕರಿ ಬಣ್ಣ ಬಳಿಸಿದ್ದರಿಂದ ಇಬ್ಬರ ವಾದಕ್ಕೂ ಸಾಕ್ಷಿ ಇರಲಿಲ್ಲ.

ಈಗ ಚಿಕ್ಕಮ್ಮನಿಗೆ ಮಂಡಿನೋವು. ಅವರು ನಮ್ಮಲ್ಲಿಗೆ ಬರುವುದು ನಿಂತಿದೆ. ಅಕ್ಕ ತಂಗಿ ಫೋನಿನಲ್ಲಿ ಮಾತಾಡುತ್ತಾರೆ, ಅಂದರೆ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಯಾರಿಗೂ ಏನೂ ಕೇಳಿಸುವುದಿಲ್ಲ. ಒಂದು ದಿನ ಅಮ್ಮ ಫೋನ್ ಕೆಳಗಿಟ್ಟು, "ನಾನೇ ಹೋಗ್ಬೇಕು ಕಣೇ" ಎಂದಳು. ಆಟೋ ಕರೆಯುತ್ತೇನೆ ಎಂದೆ.

"ಆಟೋದಲ್ಲಿ ಹೋದ್ರೆ ನೆಂಟ್ರ ಮನೆಗೆ ಹೋದಂಗಾಗತ್ತೆ. ತಂಗಿ ಮನೆಗೆ ಹೋದಂಗಾಗಲ್ಲ. ನಿನ್ ಗಾಡಿ ತೆಗಿ."

ಈ ವಯಸ್ಸಿನಲ್ಲಿ ಹೀಗೆ ಅಪ್ಪಣೆ ಮಾಡುವವರೊಬ್ಬರು ಮನೆಯಲ್ಲಿರುವುದೇ ಭಾಗ್ಯ. ನನಗೂ ರೆಕ್ಕೆ ಬಂದಂತಾಯಿತು. ಹಿತ್ತಿಲ ಶೆಡ್ಡಿನಿಂದ ಮೊಪೆಡ್ಡನ್ನು ಹೊರಗೆಳೆದು ಕೆಸರೆಗೆ ಸಾಗಿಸಿದೆ. ಅಲ್ಲಿ ನಂಜುಂಡ ಎಂಬುವನು ಹಳೇ ಗಾಡಿಗಳಿಗೆ ಬೆಸುಗೆ, ಬಣ್ಣ ಮಾಡಿಕೊಡುತ್ತಾನೆ. ತನ್ನ ಕೆಲಸವನ್ನು ಹೊಗಳುವುದಕ್ಕೆ ಬೇರೆ ಯಾರಿಗೂ ಅವಕಾಶ ಕೊಡದ ಮನುಷ್ಯ. ಅವನು ಎಂಜಿನ್ ಎಬ್ಬಿಸಿದ, ಫ್ರೇಮನ್ನು ಸುತ್ತಿಗೆಯಿಂದ ತಟ್ಟುತ್ತ ಬಂದ, ಹ್ಯಾಂಡಲ್ಲಿನ ಕೆಳಗಿನ ಕತ್ತಿನ ಕೊಳವೆಯ ಹತ್ತಿರ ನಿಂತ.

"ಮಿಕ್ಕಿದ್ದೆಲ್ಲಾ ಗಟ್ಟಿಯಾಗದೆ ಮೇಡಂ. ಈ ಕತ್ತೊಂದು ಎಂಗೆ ಇಂಗೆ ತಿಂದೋಯ್ತು? ಮಳೇಲಿ ನಿಲ್ಸಿದ್ರಾ?"

"ಇಲ್ಲಪ್ಪ."

"ಈ ಸಲ ಪಟ್ಟಿ ಕೊಟ್ಟು ಬೆಸ್ದುಬುಡ್ತೀನಿ. ಇನ್ನೊಂದ್ ಸಲ ತುಕ್ಕು ಹಿಡುದ್ರೆ ಬೆಸೆಯಾಕೆ ಕಬ್ಬಿಣಾನೇ ಇರಕ್ಕಿಲ್ಲ. ಗುಜರಿಗೇಯ."

ಹೇಗೆ ತಿಂದುಹೋಯಿತೆಂದು ನನಗೆ ಆಗಲೇ ಹೊಳೆದಿತ್ತು. ಗಾಡಿ ಓಡುತ್ತಿದ್ದಷ್ಟು ಕಾಲವೂ ಅಮ್ಮ ಸೋಮವಾರದ ಪೂಜೆ ಮುಗಿಸಿ ಹೊರಗೆ ಬಂದು, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಅದರ ಕತ್ತಿಗೆ ಎಳೆಯುತ್ತಿದ್ದಳು. ನಡುವೆ ಕುಂಕುಮ. ಮೇಲೆ ಹೂವು, ಅದೂ ದಾರ ಬೇಗ ಕಿತ್ತುಹೋಗುತ್ತದೆಂದು ಬೈಂಡಿಂಗ್ ತಂತಿಯಲ್ಲಿ ಕಟ್ಟಿದ್ದು. ಆಯುಧಪೂಜೆಗೆ ಹೆಚ್ಚುವರಿಯಾಗಿ ಹೆಚ್ಚಿದ ನಿಂಬೆಹಣ್ಣು. ಹಿಂದಿನ ವಾರದ್ದನ್ನು ಒರೆಸುವುದು ಅಪಚಾರ. ತಂತಿ ಬಣ್ಣವನ್ನು ಗೀಚಿತು, ಗೀಚಿದ ಗೆರೆಯಲ್ಲಿ ಒದ್ದೆ ಬೂದಿ ಕೂತಿತು. ನಮ್ಮ ಗಾಡಿಯಲ್ಲಿ ಅತಿ ಹೆಚ್ಚು ಪೂಜೆ ಕಂಡ ಜಾಗವೇ ಅತಿ ಹೆಚ್ಚು ತುಕ್ಕು ಕಂಡ ಜಾಗ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಇನ್ನು ಮೇಲೆ ವಿಭೂತಿ ಹಚ್ಚಬೇಡ ಎಂದರೆ ಅವಳು ಗಾಡಿ ಹತ್ತುವುದೇ ಇಲ್ಲ. ಹಚ್ಚು ಎಂದರೆ ಗಾಡಿಯೇ ಉಳಿಯುವುದಿಲ್ಲ. ಇವೆರಡರ ನಡುವೆ ನಿಲ್ಲಬಲ್ಲದ್ದು ಒಂದು ಬಣ್ಣ ಮಾತ್ರ.

ಹೀಗೆ ನಾನು ಬಣ್ಣಗಳ ಲೋಕಕ್ಕೆ ಬಿದ್ದೆ. ಬಿದ್ದವಳು ಎಷ್ಟು ಸುಖವಾಗಿದ್ದೇನೆಂದರೆ, ಇಷ್ಟು ದಿನ ರಾಜರ ವಂಶಾವಳಿ ಹೇಳಿಕೊಡುತ್ತ ಕಾಲ ಕಳೆದೆನಲ್ಲ ಎಂದು ಮರುಗುತ್ತೇನೆ. ನಮ್ಮ ಭಾಷೆಯವರು ತಾಮ್ರ ಹಿತ್ತಾಳೆಗೆ ಹಿಡಿಯುವುದನ್ನು ಕಿಲುಬು ಎಂದರು, ಕಬ್ಬಿಣಕ್ಕೆ ಹಿಡಿಯುವುದನ್ನು ತುಕ್ಕು ಎಂದರು. ಎರಡನ್ನೂ ಬೇರೆಬೇರೆಯಾಗಿ ದ್ವೇಷಿಸುವಷ್ಟು ಹತ್ತಿರದಿಂದ ನೋಡಿದ ಜನ. ಕಿಲುಬು ಹುಣಸೆಹಣ್ಣಿಗೆ ಹೆದರಿ ಓಡುತ್ತದೆ. ತುಕ್ಕು ಹಾಗಲ್ಲ. ಕಬ್ಬಿಣ ಮಣ್ಣಿನಿಂದ ಬಂದದ್ದು, ಮತ್ತೆ ಮಣ್ಣಾಗುವ ಆಸೆ ಅದಕ್ಕೆ ಎಂದೂ ಹೋಗುವುದಿಲ್ಲ. ಬಣ್ಣ ಬಳಿಯುವುದೆಂದರೆ, "ಇನ್ನೊಂದು ಸ್ವಲ್ಪ ದಿನ ಇರು" ಎಂದು ಅದರ ಕೈ ಹಿಡಿದು ಕೂರಿಸುವುದು, ಅಷ್ಟೇ.

ನಂಜುಂಡನ ಬಳಿ ಮೂರು ದಾರಿಗಳಿದ್ದವು. ಒಂದು, ಕೆಂಪು ಪ್ರೈಮರ್ ಮೇಲೆ ಸಾದಾ ಎನಾಮೆಲ್. ಇನ್ನೊಂದು ಪೌಡರ್ ಕೋಟಿಂಗ್: ಪುಡಿ ಉದುರಿಸಿ ಒಲೆಯಲ್ಲಿ ಬೇಯಿಸುವ ಬಣ್ಣ. ಮತ್ತೊಂದು, ಅಂಟಿನಂಥ ಎಪಾಕ್ಸಿ ಪ್ರೈಮರ್ ಹೊಡೆದು, ಕಾರುಗಳಿಗೆ ಹಾಕುವ, ಪಿಯು ಎಂಬ ಗಡಸು ಬಣ್ಣವನ್ನು ಅದರ ಮೇಲೆ ಕೊಡುವುದು.

"ಪೌಡರ್ ಮಾಡ್ಸಿ ಮೇಡಂ, ಕಣ್ಮುಚ್ಕೊಂಡು. ಲೈಫ್ ಟೈಮು."

"ವಿಭೂತಿ ತಡೆಯುತ್ತಾ?"

"ಏನ್ ತಡೀಬೇಕು?"

"ಒದ್ದೆ ವಿಭೂತಿ, ಕುಂಕುಮ, ನಿಂಬೆಹುಳಿ. ಮೇಲೆ ಬೈಂಡಿಂಗ್ ತಂತಿ."

ನಂಜುಂಡ ಸುತ್ತಿಗೆ ಕೆಳಗಿಟ್ಟ. "ಬಿಸ್ಲು ಕೇಳ್ತಾರೆ, ಮಳೆ ಕೇಳ್ತಾರೆ. ಇದುನ್ನ ಯಾರೂ ಕೇಳಿಲ್ಲ ಕಣ್ರೀ" ಎಂದ. ಆದರೆ ಅವನಿಗೂ ಹುರುಪು ಹತ್ತಿತು. ಮೂರು ಕಬ್ಬಿಣದ ತಗಡಿಗೆ ಮೂರು ಬಗೆಯ ಬಣ್ಣ ಹೊಡೆದು ಕೊಟ್ಟ. ನಾನು ಮೂರನ್ನೂ ತಂತಿಯಿಂದ ಚೆನ್ನಾಗಿ ಗೀಚಿ, ದೇವರಕೋಣೆಯಲ್ಲಿ ಸಾಲಾಗಿ ಒರಗಿಸಿಟ್ಟೆ.

"ಇವಕ್ಕೂ ದಿನಾ ವಿಭೂತಿ ಹಚ್ಚಮ್ಮ" ಎಂದೆ. ಏಕೆಂದು ಅಮ್ಮ ಕೇಳಲಿಲ್ಲ. ಅವಳು ಕೇಳದಿದ್ದದ್ದು ನನ್ನ ಪುಣ್ಯವೆಂದುಕೊಂಡೆ. ದಿನವೂ ಮೂರು ತಗಡಿಗೂ ಮೂರು ಗೆರೆ, ಕುಂಕುಮ, ನಿಂಬೆರಸ. ನಾನು ಕಾಫಿಗೂ ಮುಂಚೆ ಹೋಗಿ ಅವನ್ನು ನೋಡುತ್ತಿದ್ದೆ. ದೇವರಕೋಣೆಗೆ ನಾನು ಅಷ್ಟು ಶ್ರದ್ಧೆಯಿಂದ ಹೋದದ್ದು ಪರೀಕ್ಷೆಯ ಕಾಲದಲ್ಲೂ ಇಲ್ಲ.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಮ್ಮ ತಗಡುಗಳನ್ನು ಒರೆಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇದು ಉಬ್ಬಿದೆ" ಎಂದು ಎನಾಮೆಲನ್ನು ಬದಿಗಿಟ್ಟಳು. "ಇದು ಗೀಚಿದ ಕಡೆ ಸಿಪ್ಪೆ ಏಳ್ತಿದೆ" ಎಂದು ನಂಜುಂಡನ ಲೈಫ್ ಟೈಮನ್ನು ಬದಿಗಿಟ್ಟಳು. "ಇದು ಗಟ್ಟಿ. ಇದನ್ನೇ ಹೊಡಿಸು."

"ನಿಂಗೆ ಗೊತ್ತಿತ್ತಾ?"

"ಕಬ್ಬಿಣದ ತಗಡನ್ನ ದೇವರು ಅಂತ ತಿಳ್ಕೊಳೋ ಅಷ್ಟು ಭಕ್ತಿ ನಂಗಿಲ್ಲ ಕಣೇ. ಅಷ್ಟು ಓದಿ, ತುಕ್ಕು ನಿನ್ನಿಂದಾನೇ ಕಣಮ್ಮ ಅನ್ನಕ್ಕೆ ಬಾಯಿ ಬರ್ಲಿಲ್ವಾ?"

ಬಂದಿರಲಿಲ್ಲ. ಎಪಾಕ್ಸಿಯೇ ಎಂದು ತೀರ್ಮಾನವಾಯಿತು. ಕರಿ ಬಣ್ಣ ಕೆರೆದಾಗ ಅಡಿಯಲ್ಲಿ ಮೂಲ ಬಣ್ಣ ಕಾಣುತ್ತದೆಂದು ನಾನೂ ಅಮ್ಮನೂ ಕೆಸರೆಗೆ ಹೋಗಿ ಕಾದೆವು. ಕಂಡಿತು. "ನೋಡು, ಹಸಿರು" ಎಂದಳು ಅಮ್ಮ. "ನೋಡು, ನೀಲಿ" ಎಂದೆ ನಾನು. ನವಿಲಿನ ಕೊರಳ ಹಾಗೆ ಇತ್ತು ಆ ಬಣ್ಣ. ಚರಿತ್ರೆಯ ಸಾಕ್ಷಿಗಳು ಸಿಕ್ಕಿದರೂ ಹೀಗೆಯೇ ಇರುತ್ತವೆ. ನಂಜುಂಡ ಇಬ್ಬರನ್ನೂ ನೋಡಿ, "ಬುಡಿ, ಅದುನ್ನೇ ಕಲ್ಸಿ ಹೊಡಿತೀನಿ, ಮನೇಗ್ ತಕ್ಕೊಂಡೋಗಿ ಜಗಳ ಆಡಿ" ಎಂದ.

ನಿನ್ನೆ ಗಾಡಿ ಬಂತು. ಬೀದಿಯ ಗೇಟುಗಳೆಲ್ಲ ನಾಚಬೇಕು, ಅಂಥ ಹೊಳಪು. ಅಮ್ಮ ಹೆಲ್ಮೆಟ್ ಹಾಕಿಕೊಂಡೇ ವಿಭೂತಿಯ ಬಟ್ಟಲು ಹಿಡಿದು ಹೊರಗೆ ಬಂದಳು. ಗಟ್ಟಿ ಬಣ್ಣವೇ ಸರಿ, ಆದರೂ. ಅವಳು ಮೂರು ಬೆರಳಿನಿಂದ ಕತ್ತಿಗೆ ಮೂರು ಗೆರೆ ಎಳೆದಳು, ಕೈಮುಗಿದಳು, ಕಣ್ಣು ತೆರೆದಳು. ಆಮೇಲೆ ಸೆರಗಿನಿಂದ ಪೂರ್ತಿ ಒರೆಸಿಬಿಟ್ಟಳು.

"ದೇವ್ರು ನೋಡಿದ್ನಲ್ಲ, ಸಾಕು. ಹೊರಡು" ಎಂದು ಹಿಂದೆ ಹತ್ತಿ ಕೂತಳು.

ಕೊಳವೆಗಳು ಕೂಡುವ ಸಂದಿಯಲ್ಲಿ, ಸೆರಗು ಹೋಗದ ಕಡೆ, ಒಂದು ಚೂರು ಬಿಳಿ ಉಳಿದಿತ್ತು. ತುಕ್ಕು ಶುರುವಾಗುವುದು ಅಂಥ ಸಂದಿಯಲ್ಲೇ ಎಂದು ಈಗ ನನಗೆ ಗೊತ್ತು. ಉಗುರು ಅಲ್ಲಿಯವರೆಗೆ ಹೋಯಿತು. ಯಾಕೋ ಕೆರೆಯಲಿಲ್ಲ. ಚಿಕ್ಕಮ್ಮ ಕಾಯುತ್ತಿದ್ದರು, ಗಾಡಿ ಒಂದೇ ತುಳಿತಕ್ಕೆ ಎದ್ದಿತು, ಕೆರೆಯ ತಿರುವಿನಲ್ಲಿ ಗಾಳಿ ಕೆನ್ನೆಗೆ ಬಡಿಯಿತು. ಇದು ನಿಜವಾಗಿ ಬಡಿದದ್ದು. ರಾತ್ರಿ ದಿನಚರಿಯಲ್ಲಿ ಅದನ್ನು ಬರೆದೆ, ಗಾಡಿಯ ಬಣ್ಣವನ್ನೂ ಮರೆಯದೆ ಬರೆದೆ: ನೀಲಿ. ಅಮ್ಮ ಹಿಂದಿನಿಂದ ಬಗ್ಗಿ ಓದಿ, ನನ್ನ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ "ಹಸಿರು" ಎಂದು ಬರೆದಿಟ್ಟಳು.