ಶುಂಠಿ ಡ್ರಮ್ಮಿನ ಗೀರುಗಳು

ವರ್ಷಕ್ಕೊಮ್ಮೆ ಆ ಪ್ಲಾಸ್ಟಿಕ್ ಡ್ರಮ್ಮನ್ನು ಕೆಳಗಿಳಿಸಿ ತೊಳೆಯುತ್ತೇನೆ. ನಲ್ಲಿ ಬಿಚ್ಚಿ, ಅದರೊಳಗಿನ ರಬ್ಬರ್ ಉಂಗುರವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಡ್ರಮ್ಮಿನ ಒಳಮೈಯನ್ನು ಮೆತ್ತಗಿನ ಬಟ್ಟೆಯಿಂದ ಒರೆಸುತ್ತೇನೆ. ಆಮೇಲೆ ಬಾಲ್ಕನಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ಗೀರುಗಳು. ಗೀರಿದವನು ನಾನೇ. ಈ ಬುದ್ಧಿ ಆಗ ಇದ್ದಿದ್ದರೆ!

ಡ್ರಮ್ಮು ಇಲ್ಲಿ, ಕೊಲ್ಲಿ ದೇಶದ ಅದ್ಲಿಯಾದಲ್ಲಿ, ನನ್ನ ಜೊತೆ ಫ್ಲಾಟಿನಲ್ಲಿದ್ದ ಹಿರಿಯರದು. ಕಾರ್ಕಳ ಕಡೆಯವರು, ಸಲ್ಮಾಬಾದಿನಲ್ಲಿ ಎಸಿ ಮೆಕ್ಯಾನಿಕ್. ಶುಂಠಿ, ಬೆಲ್ಲ, ನಿಂಬೆ ಹಾಕಿ ಅವರು ಹುದುಗಿಸುತ್ತಿದ್ದ ಪಾನಕದ ಬಾಟಲಿ ತೆರೆದರೆ ಬುಸ್ಸೆನ್ನುತ್ತಿತ್ತು. ಶುಕ್ರವಾರ ಅದನ್ನು ಕುಡಿಯಲೆಂದೇ ರಿಫಾದಿಂದ ಕಾರು ಹತ್ತಿ ಬರುವವರಿದ್ದರು. ಊರಿಗೆ ಮರಳಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಇದೇ ಪಾನಕದ ಅಂಗಡಿ ಇಡುವುದೆಂದು ಅವರು ನಿಶ್ಚಯಿಸಿದ್ದರು. ಬೋರ್ಡಿಗೆ ಯಾವ ಬಣ್ಣ ಎಂಬುದೂ ತೀರ್ಮಾನವಾಗಿತ್ತು.

ಒಂದು ವರ್ಷ ದೀಪಾವಳಿಯ ನೀರು ತುಂಬುವ ದಿನ ನನಗೆ ಎಲ್ಲಿಲ್ಲದ ಹುರುಪು. ಊರಲ್ಲಿ ಅಂದು ಹಂಡೆಯನ್ನು ಹುಣಸೆಹುಳಿ, ತೆಂಗಿನ ನಾರು ಹಾಕಿ ತಿಕ್ಕಿ, ಹೂ ಸುತ್ತಿ ನೀರು ತುಂಬಿಸುತ್ತೇವೆ. ಫ್ಲಾಟಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ಡ್ರಮ್ಮು ಕಣ್ಣಿಗೆ ಬಿತ್ತು. ಅವರು ಕೆಲಸದಿಂದ ಬರುವಷ್ಟರಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಬೆವರಿಳಿಯುವಂತೆ ತಿಕ್ಕಿ, ಹಳೆಯ ಕಂದು ಕಲೆಯನ್ನೆಲ್ಲ ತೆಗೆದಿದ್ದೆ.

"ಎಂತ ಮಾರಾಯ, ಹೊಸತು ತಂದದ್ದಾ?" ಎಂದರು. ನಾನು ಉಬ್ಬಿಹೋದೆ.

ಮುಂದಿನ ಪಾನಕ ಕೆಟ್ಟಿತು. ಮೇಲೆ ಬಿಳಿ ಪೊರೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇನ್ನೊಮ್ಮೆ ಮಾಡಿದರು, ಅದೂ ಹಾಗೇ. ನಾನು ಕೆಲಸ ಮಾಡುವ ರೆಸ್ಟೋರೆಂಟಿನ ಅಡುಗೆಯವನಿಗೆ ಹೇಳಿದಾಗ ಅವನು ಹಣೆ ಚಚ್ಚಿಕೊಂಡ. ಪ್ಲಾಸ್ಟಿಕ್ ಗೀರಿದರೆ ಕೊಳೆ ಅದರೊಳಗೇ ಕೂತುಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಹೊಸದೇ ತರಬೇಕು ಎಂದ.

ಹೇಳಿಬಿಡಬೇಕೆಂದೇ ಮನೆಗೆ ಬಂದೆ. ಅವರು ಅಡುಗೆಮನೆಯ ನೆಲದ ಮೇಲೆ ಕೂತು ಲೋಟ ಮೂಸುತ್ತಿದ್ದರು.

"ಡ್ರಮ್ಮು ನೀನು ಕನ್ನಡಿ ಹಾಗೆ ಮಾಡಿ ಕೊಟ್ಟಿದ್ದಿ. ಅದರದ್ದೆಂತ ತಪ್ಪಿಲ್ಲ. ನನ್ನ ಕೈಯೇ ಹೋಯ್ತು, ಪ್ರಾಯ ಆಯ್ತಲ್ಲ."

ಹೇಳುವ ಬದಲು ಅವರ ಕೈಯ ಲೋಟ ಇಸಿದುಕೊಂಡು ತೊಳೆಯತೊಡಗಿದೆ. ಅವರು ಬೈಯುವವರೇ ಅಲ್ಲ. ಆ ಹೊಗಳಿಕೆ ಕೈತಪ್ಪೀತು ಎಂಬುದಷ್ಟೇ ನನ್ನ ಅಂಜಿಕೆ. ನಾನೆಂಥ ಅಲ್ಪ!

ಅಂಗಡಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಡ್ರಮ್ಮನ್ನು ನನಗೇ ಬಿಟ್ಟು ಊರಿಗೆ ಹೋದರು. ಈಗ ಯಾರದೋ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಅಳೆದು ಕೊಡುತ್ತಾರಂತೆ.

ಈ ಸಲದ ಹಬ್ಬಕ್ಕೆ, ಇವತ್ತಾದರೂ ಹೇಳೇಬಿಡುವುದೆಂದು ಫೋನು ಮಾಡಿದೆ. ಅವರೇ ಮೊದಲು ಕೇಳಿದರು.

"ಡ್ರಮ್ಮು ಉಂಟಲ್ಲಾ? ನೀನಾದ್ರೂ ಪಾನಕ ಮಾಡು ಮಾರಾಯ. ನಿನ್ನಷ್ಟು ಚೊಕ್ಕ ತೊಳೆಯುವವರು ಯಾರಿದ್ದಾರೆ?"

"ಹೂಂ, ಮಾಡ್ತೇನೆ" ಎಂದೆ.