ಡ್ರೆಸ್ಡೆನ್ನಿನ ಬಾಗಿಲಲ್ಲಿ ಸುಗಂಧಿ

ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನ ಸುಗಂಧಿ ಜರ್ಮನ್ ಭಾಷೆಯನ್ನು ಆರಿಸಿಕೊಂಡದ್ದು ಅದರ ಮೇಲಿನ ಮೋಹದಿಂದಲ್ಲ. ವಿಮಾನಗಳಿಗೆ ಬೇಕಾದ ವೈರುಗಳನ್ನು ಜೋಡಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಆಕೆ ತಪಾಸಣೆಯ ಕೆಲಸದಲ್ಲಿದ್ದಳು. ಪದವಿಗೆ ಒಂದು ಪರಭಾಷೆ ಕಡ್ಡಾಯವಾಗಿತ್ತು. ಶಿಫ್ಟ್ ಮುಗಿಸಿ ಸಂಜೆ ಕಾಲೇಜು ತಲುಪುವ ಹೊತ್ತಿಗೆ ಇನ್ನೂ ಆರಂಭವಾಗದೆ ಉಳಿದಿರುತ್ತಿದ್ದ ತರಗತಿ ಒಂದೇ, ಅದು ಜರ್ಮನ್. ಹಸಿದವಳು ಬಡಿಸಿದ್ದನ್ನು ಉಂಡಳು. ಉಣ್ಣುತ್ತ ಉಣ್ಣುತ್ತ ರುಚಿ ಹತ್ತಿತು.

ಉಡುಪಿಯ ಕಡಲ ಬದಿಯ ಊರಿನಲ್ಲಿ ಹತ್ತನೆಯ ತರಗತಿಗೇ ಆಕೆಯನ್ನು ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಅಮೆರಿಕಕ್ಕೆ ಬಂದು, ಮಗ ರೋಷನ್ ದೊಡ್ಡವನಾದ ಮೇಲೆ, ಆತ ಓದಿ ಮುಗಿಸಿದ ಪಾಠಗಳನ್ನು ತಾಯಿ ಓದಲು ಕುಳಿತಳು. ಪದವಿ ಕೈಗೆ ಬಂದಾಗ ಐವತ್ತು ದಾಟಿತ್ತು. ಅಲ್ಲಿಗೆ ಜರ್ಮನ್ ಬಿಡಬಹುದಿತ್ತು, ಬಿಡಲಿಲ್ಲ. 2020ರಲ್ಲಿ ಕಾಲೇಜು ಮುಚ್ಚಿ ತರಗತಿ ಕಂಪ್ಯೂಟರಿಗೆ ಬಂದಾಗ ಜೊತೆಯವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಯ ಪಾಠದಲ್ಲಿ ಪರದೆಯ ಮೇಲೆ ಉಳಿದವರು ಮೇಷ್ಟ್ರು ಮತ್ತು ಸುಗಂಧಿ. ಆ ಪಾಠ ಡ್ರೆಸ್ಡೆನ್ ನಗರದ ಕುರಿತಾಗಿತ್ತು.

ಇಷ್ಟಾದರೂ ಆಕೆಯ ಜರ್ಮನ್ ಪಾಠದ ಕೋಣೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅದು ಬಯಲಾದದ್ದು 2023ರ ವಸಂತದಲ್ಲಿ, ಸ್ಯಾನ್ ಡಿಯಾಗೋದ ಬಾಲ್ಬೊವಾ ಪಾರ್ಕಿನಲ್ಲಿ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋದ ಕನ್ನಡದ ಹಿರಿಯರು ಅಲ್ಲಿ ಬುತ್ತಿ ಕಟ್ಟಿಕೊಂಡು ಸೇರಿದ್ದರು. ಆ ಪಾರ್ಕಿನಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಪುಟ್ಟ ಮನೆಯುಂಟು. ಜರ್ಮನಿಯ ಮನೆಯ ಮುಂದೆ ನಾಲ್ಕು ಜನ ನಿಂತು ತಮ್ಮ ಭಾಷೆಯಲ್ಲಿ ನಗುತ್ತಿದ್ದರು.

ಗ್ಲೆಂಡೇಲ್‌ನ ಓಂಕಾರಪ್ಪನವರು, ದಾವಣಗೆರೆಯಿಂದ ಬಂದ ನಿವೃತ್ತ ಇಂಜಿನಿಯರು, ಸುಮ್ಮನಿರುವ ಜಾತಿಯವರಲ್ಲ.

"ಏನಮ್ಮ ಸುಗಂಧಿ, ನಿಮ್ಮ ಬೀಗರು ಸಿಕ್ಕಿದಾರೆ ನೋಡಿ. ಹೋಗಿ ಎರಡು ಮಾತಾಡಿ, ನಾವೂ ಕೇಳೋಣ."

ಎಲ್ಲರೂ ತಿರುಗಿ ನೋಡಿದರು. "ತಿಂಡಿ ತಣ್ಣಗಾಗ್ತದೆ," ಎಂದು ಹೇಳಿ ಸುಗಂಧಿ ಮೇಜಿನ ಕಡೆಗೆ ನಡೆದಳು.

"ಪಾಪ ಸುಮ್ನಿರ್ರೀ," ಎಂದು ಓಂಕಾರಪ್ಪನವರ ಹೆಂಡತಿ ಲೀಲಾ ಗಂಡನನ್ನು ತಿವಿದರು. ಹಂಗಿಸಿದ ಮಾತಿಗಿಂತ ಆ 'ಪಾಪ' ಹೆಚ್ಚು ಚುಚ್ಚಿತು.

ಆ ಮಧ್ಯಾಹ್ನವೇ, ಅದೇ ಊರಿನ ಕಾರ್ಮೆಲ್ ವ್ಯಾಲಿಯಲ್ಲಿದ್ದ ಮಗನ ಮನೆ ಸೇರುವ ಮುನ್ನ, ಸುಗಂಧಿ ಕೂಟದವರ ಎದುರು ಎದ್ದು ನಿಂತಳು. ಸೆಪ್ಟೆಂಬರಿನಲ್ಲಿ ಬರಲೊಪ್ಪುವವರನ್ನೆಲ್ಲ ತಾನೇ ಡ್ರೆಸ್ಡೆನ್ನಿಗೆ ಕರೆದೊಯ್ಯುವುದಾಗಿಯೂ ಊರು ತೋರಿಸಲು ಬೇರೆ ಯಾರೂ ಬೇಡವೆಂದೂ ಸಾರಿದಳು. ಹನ್ನೊಂದು ಮಂದಿ ಹೆಸರು ಕೊಟ್ಟರು. ಮೊದಲ ಹೆಸರು ಓಂಕಾರಪ್ಪನವರದು.

ಹೊರಡಲು ವಾರವಿರುವಾಗ ರೋಷನ್ ಮೆಲ್ಲನೆ ಬಾಯಿಬಿಟ್ಟ. "ಅಮ್ಮ, ಅಲ್ಲಿ ಒಬ್ಬ ಇಂಗ್ಲಿಷ್ ಗೈಡ್ ಬುಕ್ ಮಾಡಿದ್ದೇನೆ. ಜಸ್ಟ್ ಬ್ಯಾಕಪ್."

"ಕ್ಯಾನ್ಸಲ್ ಮಾಡು."

"ಅವರು ಹೇಳಿದ್ದು ನಿಮಗೆ ಅರ್ಥ ಆಗದಿದ್ದರೆ?"

"ಇನ್ನೊಮ್ಮೆ ಕೇಳ್ತೇನೆ. ನಾನೆಂತ ಮೂಗಿಯಾ? ಈಜು ಕಲಿತ ಮೇಲೆ ಬೆನ್ನಿಗೆ ಸೋರೆಬುರುಡೆ ಎಂತಕ್ಕೆ ಮಾರಾಯ?"

ಗೈಡ್ ರದ್ದಾಯಿತು. ಆದರೆ ಮಗನಿಗೆ ಹೇಳದ ಭಯವೊಂದು ಆಕೆಯೊಳಗಿತ್ತು. ಮೇಷ್ಟ್ರು ಒಮ್ಮೆ ಎಚ್ಚರಿಸಿದ್ದರು: ನಿಮ್ಮ ಜರ್ಮನ್ ಕುಂಟಿದರೆ ಅಲ್ಲಿಯವರು ಬೈಯುವುದಿಲ್ಲ, ನಗುವುದಿಲ್ಲ, ಮರ್ಯಾದೆಯಿಂದ ಇಂಗ್ಲಿಷಿಗೆ ತಿರುಗಿಕೊಳ್ಳುತ್ತಾರೆ. ಸುಗಂಧಿಗೆ ಭಯವಿದ್ದದ್ದು ಆ ಮರ್ಯಾದೆಯದೇ.

ಭಯಪಟ್ಟಂತೆಯೇ ಆಯಿತು. ಡ್ರೆಸ್ಡೆನ್ನಿನ ಹೋಟೆಲಿನ ಕೌಂಟರಿನಲ್ಲಿ ಆಕೆ ಜರ್ಮನ್‌ನಲ್ಲಿ ಕೇಳಿದ್ದಕ್ಕೆ ಹುಡುಗ ಇಂಗ್ಲಿಷಿನಲ್ಲಿ ಉತ್ತರಿಸಿದ. ಬ್ರೆಡ್ಡಿನ ಅಂಗಡಿಯ ಹುಡುಗಿಯೂ ಹಾಗೆಯೇ ಮಾಡಿದಳು. ಓಂಕಾರಪ್ಪನವರು ಗಂಭೀರವಾಗಿ ಕೇಳಿದರು: "ಯಾಕಮ್ಮ, ಇವ್ರಿಗೆ ಜರ್ಮನ್ ಬರಲ್ವಂತಾ?"

ಸುಗಂಧಿ ಊರು ತೋರಿಸಲು ಮುಂದೆ ನಡೆದಳು. ಪಿಂಗಾಣಿ ಹಂಚುಗಳಲ್ಲಿ ಅರಸರ ಮೆರವಣಿಗೆಯನ್ನೇ ಮೂಡಿಸಿದ ಉದ್ದನೆಯ ಗೋಡೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ, ಯಾವ ರಾಜ ಯಾರ ಮಗನೆಂದು ವಿವರಿಸಿದಳು. "ನಮ್ಮ ಹಂಪಿಯ ಮಹಾನವಮಿ ದಿಬ್ಬದ ಕುದುರೆಗಳ ಸಾಲಿನ ಹಾಗೇ ಇದೆಯಲ್ಲೇ!" ಎಂದರು ಲೀಲಾ. ಮರುದಿನ ದೊಡ್ಡ ಗುಮ್ಮಟದ ಚರ್ಚು ತೋರಿಸಿದಳು. ಯುದ್ಧದ ಬೆಂಕಿಯಲ್ಲಿ ಕುಸಿದು ದಶಕಗಳ ಕಾಲ ಕಲ್ಲುರಾಶಿಯಾಗಿ ಬಿದ್ದಿದ್ದ ಚರ್ಚು ಅದು. ಮತ್ತೆ ಕಟ್ಟುವಾಗ ಹಳೆಯ ಕಪ್ಪು ಕಲ್ಲುಗಳನ್ನು ಎಸೆಯದೆ ಹೊಸ ಬಿಳಿಗಲ್ಲಿನ ನಡುವೆ ಕೂರಿಸಿದ್ದರು. ಆ ಗೋಡೆಯ ಮುಂದೆ ಸುಗಂಧಿ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಳು. ತಡವಾಗಿ ಕಟ್ಟಿದ್ದೆಂದು ಅದಕ್ಕೆ ಯಾವ ಸಂಕೋಚವೂ ಇದ್ದಂತೆ ಕಾಣಲಿಲ್ಲ.

ಶುಕ್ರವಾರ ಅರಮನೆಯ ಸರದಿ. ಕೆಳ ಅಂತಸ್ತಿನಲ್ಲಿ ರಾಜರ ಹಳೆಯ ಭಂಡಾರವಿದೆ. ಅಲ್ಲಿಗೆ ಗೊತ್ತಾದ ಸಮಯಕ್ಕೇ ಪ್ರವೇಶ, ತಪ್ಪಿದರೆ ತಪ್ಪಿದಂತೆಯೇ. ಇವರ ಟಿಕೆಟು ಹತ್ತೂಮುಕ್ಕಾಲಿನದು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆಂಬುದನ್ನು ಸುಗಂಧಿ ಮರೆತಿರಲಿಲ್ಲ. ಓಂಕಾರಪ್ಪನವರು ರಾಹುಕಾಲದಲ್ಲಿ ಹೊಸ್ತಿಲು ದಾಟುವವರಲ್ಲ. ಅದಕ್ಕೂ ಮೊದಲೇ ಹೊರಬಿದ್ದಿದ್ದರೆ ದೋಷವಿಲ್ಲ. ಆದುದರಿಂದ ಆಕೆ ಎಲ್ಲರನ್ನೂ ಮುಂಚಿತವಾಗಿಯೇ ಹೋಟೆಲಿನಿಂದ ಹೊರಡಿಸಿದಳು.

ಬೀದಿಯ ತಿರುವಿನಲ್ಲಿ ಲೀಲಾ ಅವರಿಗೆ ಶಾಲು ಮರೆತದ್ದು ನೆನಪಾಯಿತು. ಗಂಡಹೆಂಡಿರಿಬ್ಬರೂ ಹಿಂದಿರುಗಿದರು. ಶಾಲು ಸಿಗುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಓಂಕಾರಪ್ಪನವರು ಹೋಟೆಲಿನ ಸೋಫಾದಲ್ಲಿ ಕುಳಿತೇಬಿಟ್ಟರು.

"ನೀವು ಆಗಲೇ ಹೊರಟಾಯ್ತಲ್ಲ!" ಎಂದಳು ಅವರನ್ನು ಹುಡುಕಿಕೊಂಡು ಬಂದ ಸುಗಂಧಿ.

"ಹೊರಟೋನು ವಾಪಸ್ ಬಂದ್ರೆ ಆ ಪ್ರಯಾಣ ಅಲ್ಲಿಗೆ ಮುಗೀತು. ಇದು ಹೊಸದು."

"ಬರೀ ನೋಡಿ ಬರಲಿಕ್ಕುಂಟಲ್ಲ, ಅದಕ್ಕೆಂತ ಮುಹೂರ್ತ?"

"ಚಿನ್ನದ ಭಂಡಾರಕ್ಕೆ ಹೋಗೋದು ಕಣಮ್ಮ. ರಾಹುಕಾಲದಲ್ಲಿ ಲಕ್ಷ್ಮಿ ಮುಖ ನೋಡ್ತಾರೇನು?"

ಟಿಕೆಟು ಇಡೀ ಗುಂಪಿಗೆ ಒಂದೇ. ಒಂದಲ್ಲದಿದ್ದರೂ, ಜೊತೆಗಿದ್ದ ಹಿರಿಯರನ್ನು ಬಿಟ್ಟು ಹೋಗುವ ಪದ್ಧತಿ ಆಕೆಯ ಮನೆತನದಲ್ಲಿರಲಿಲ್ಲ. ಹನ್ನೆರಡು ಹೊಡೆಯುವವರೆಗೆ ಸುಗಂಧಿ ನೆಟ್ಟಗೆ ಕುಳಿತು ಕಾದಳು.

ಅರಮನೆಯ ದಾರಿಯಲ್ಲಿ ಓಂಕಾರಪ್ಪನವರಿಗೂ ಅಳುಕಾಯಿತು. "ಲೀಲಾಗೆ ಬಿಪಿ ಏರಿತ್ತು, ತಲೆ ತಿರುಗಿತ್ತು ಅಂತ ಹೇಳಿಬಿಡಿ. ಬಿಡ್ತಾರೆ."

"ಸುಳ್ಳು ಹೇಳಲಿಕ್ಕೆ ನಾನು ಜರ್ಮನ್ ಕಲಿತದ್ದಲ್ಲ, ಓಂಕಾರಪ್ಪನವರೇ."

ಭಂಡಾರದ ಬಾಗಿಲಲ್ಲಿ ನರೆಗೂದಲಿನ, ಬಿಗಿ ಮುಖದ ಹೆಂಗಸೊಬ್ಬಳು ನಿಂತಿದ್ದಳು. ಟಿಕೆಟಿನ ಮೇಲೆ ಕಣ್ಣಾಡಿಸಿ ಇಂಗ್ಲಿಷಿನಲ್ಲಿ, "ಸಾರಿ ಮೇಡಂ, ಟೈಮ್ ಮುಗಿದಿದೆ," ಎಂದಳು.

ಹನ್ನೊಂದು ಜನ ಬೆನ್ನ ಹಿಂದೆ ನಿಂತಿದ್ದರು. ಸುಗಂಧಿ ಬೆನ್ನು ನೇರ ಮಾಡಿದಳು. ಜರ್ಮನ್‌ನಲ್ಲೇ ಆರಂಭಿಸಿದಳು.

"ತಡವಾದದ್ದು ನಿಜ. ಕಾರಣ ಹೇಳುತ್ತೇನೆ, ರಿಯಾಯಿತಿ ಕೇಳುವುದಿಲ್ಲ. ನಮ್ಮಲ್ಲಿ ದಿನಕ್ಕೊಂದು ಹೊತ್ತು ಹೊಸದೇನನ್ನೂ ಆರಂಭಿಸದ ರೂಢಿಯಿದೆ. ನಮ್ಮ ಹಿರಿಯರೊಬ್ಬರು ಅದನ್ನು ಪಾಲಿಸುತ್ತಾರೆ. ಆ ಹೊತ್ತಿನ ಅಂಚಿಗೆ ಟಿಕೆಟು ತೆಗೆದವಳು ನಾನು. ತಪ್ಪು ನನ್ನದು."

ನಡುವೆ ಒಂದು ಪದ ಸಿಗದೆ ಆಕೆ ಸುತ್ತುಬಳಸಿ ನಡೆದಳು, ಆದರೆ ನಿಲ್ಲಲಿಲ್ಲ. ಹೆಂಗಸು ಕಣ್ಣು ಕಿರಿದಾಗಿಸಿ ಕೇಳಿದಳು. ಆಮೇಲೆ ಬಾಯಿ ತೆರೆದಳು. ಬಂದದ್ದು ಜರ್ಮನ್! ನಿಧಾನಿಸಿದ್ದಲ್ಲ, ಬಿಡಿಸಿ ಬಿಡಿಸಿ ಮಕ್ಕಳಿಗೆ ಹೇಳಿದ್ದಲ್ಲ. ಆ ಊರಿನವರು ಆ ಊರಿನವರೊಡನೆ ಆಡುವ ವೇಗದ, ಬಿರುಸಿನ ಜರ್ಮನ್.

ತನ್ನ ಅಜ್ಜಿ ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗೆ ಒಂದು ಬಟ್ಟೆಯನ್ನೂ ಒಗೆದು ಹಗ್ಗಕ್ಕೆ ಹಾಕುತ್ತಿರಲಿಲ್ಲ, ಮನೆಗೆ ಕೇಡೆಂದು ನಂಬಿದ್ದಳು, ಆದ್ದರಿಂದ ತನಗೆ ಎಲ್ಲವೂ ಅರ್ಥವಾಗುತ್ತದೆ, ಆದರೆ ನಿಯಮ ನಿಯಮವೇ, ಅಜ್ಜಿಯೇ ಎದ್ದು ಬಂದರೂ ಒಳಗೆ ಬಿಡುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಕಾರ್ಖಾನೆಯಲ್ಲಿ ಸುಗಂಧಿಯೂ ಹೀಗೆಯೇ. ಸಡಿಲಾದ ಜೋಡಣೆಯನ್ನು ಮಾಲೀಕನೇ ಬೇಡಿಕೊಂಡರೂ ದಾಟಿಸಿದವಳಲ್ಲ. "ಸರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ," ಎಂದಳು.

ಆಗ ಆ ಹೆಂಗಸು ನಕ್ಕಳು. ನಿಮ್ಮ ಟಿಕೆಟು ಮೇಲಿನ ಅಂತಸ್ತಿನ ಹೊಸ ಭಂಡಾರಕ್ಕೂ ಸಲ್ಲುತ್ತದೆ, ಅಲ್ಲಿ ಸಮಯದ ಕಟ್ಟಿಲ್ಲ, ನಿಮ್ಮ ದೇಶದ ಕುರಿತದ್ದೂ ಒಂದಿದೆ, ಮೊದಲು ಅದನ್ನು ನೋಡಿ ಎಂದು ಮೆಟ್ಟಿಲು ತೋರಿಸಿದಳು. ಹೊರಡುವಾಗ ಕೇಳಿದಳು: "ಇಷ್ಟು ಒಳ್ಳೆಯ ಜರ್ಮನ್ ಎಲ್ಲಿ ಕಲಿತಿರಿ?"

"ಲಾಸ್ ಏಂಜಲೀಸಿನಲ್ಲಿ. ಸಂಜೆಯ ಹೊತ್ತು."

ಓಂಕಾರಪ್ಪನವರು ಕಾತರದಿಂದ ಮುಂದೆ ಬಂದರು. "ಏನಂದ್ಲಮ್ಮ? ಬಿಡ್ತಾಳಾ?"

"ಇಲ್ಲ."

"ಮತ್ತೆ ಅಷ್ಟೊತ್ತು ಏನು ಹೇಳಿದ್ಲು?"

"ಅದನ್ನೇ ಹೇಳಿದ್ದು," ಎಂದಳು ಸುಗಂಧಿ, "ಜರ್ಮನ್‌ನಲ್ಲಿ." ಕೆಲಸ ಕೆಟ್ಟ ಗಳಿಗೆಯಲ್ಲಿ ಆಕೆಯ ಮುಖ ಹೀಗೇಕೆ ಬೆಳಗುತ್ತಿದೆಯೆಂದು ಅವರಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅರ್ಥವಾದಾಗ ಕೊಂಕು ಮಾತೊಂದು ಬಾಯಿಯವರೆಗೆ ಬಂದು, ಅಲ್ಲಿಂದಲೇ ಹಿಂದಕ್ಕೆ ಹೋಯಿತು.

ಮೇಲೆ, ಗಾಜಿನ ಹಿಂದೆ, ಅಂಗೈಗಾತ್ರದ ಆನೆಗಳು, ಒಂಟೆಗಳು, ಪಲ್ಲಕ್ಕಿಗಳು. ಚಿನ್ನ, ವಜ್ರಗಳಲ್ಲಿ ಔರಂಗಜೇಬನ ಒಡ್ಡೋಲಗ. ಸುಗಂಧಿ ಪಕ್ಕದ ಫಲಕದ ಜರ್ಮನ್ ಓದಿ ಕನ್ನಡದಲ್ಲಿ ಹೇಳಿದಳು: ಇದನ್ನು ಮಾಡಿದ ಅಕ್ಕಸಾಲಿಗ ಭಾರತವನ್ನು ಕಂಡವನೇ ಅಲ್ಲ, ಹೋಗಿಬಂದವರು ಬರೆದದ್ದನ್ನು ಓದಿ, ಇದೇ ಊರಿನಲ್ಲಿ ಕುಳಿತು, ವರ್ಷಗಟ್ಟಲೆ ಕಟ್ಟಿದ.

"ನೋಡದೇನೇ ಇಷ್ಟಾ!" ಎಂದು ಲೀಲಾ ಬೆರಗಾದರು. "ನಿನ್ನ ಜರ್ಮನ್ ಥರಾನೇ ಕಣೇ ಸುಗಂಧಿ."

ಓಂಕಾರಪ್ಪನವರು ಗಾಜಿಗೆ ಮೂಗು ತಾಗಿಸಿದ್ದರು. "ಆನೆ ಕಿವಿ ಸರಿಯಾಗಿಲ್ಲ," ಎಂದರು.

"ದೂರದಿಂದ ಕಲಿತವರದ್ದು ಅಷ್ಟು ಹೆಚ್ಚುಕಮ್ಮಿ ಇರ್ತದೆ," ಎಂದಳು ಸುಗಂಧಿ. "ಆದರೆ ಆನೆ ಹೌದೋ ಅಲ್ಲವೋ?"

"ಹೌದಮ್ಮ," ಎಂದರು ಓಂಕಾರಪ್ಪನವರು. "ಆನೇನೇ."

ಅಕ್ಟೋಬರಿನ ಒಂದು ಭಾನುವಾರ ಕೂಟ ಮತ್ತೆ ಬಾಲ್ಬೊವಾ ಪಾರ್ಕಿನಲ್ಲಿ ಸೇರಿತು. ಡ್ರೆಸ್ಡೆನ್ನಿನ ಕಥೆಯನ್ನು ಓಂಕಾರಪ್ಪನವರೇ ಹೇಳಿದರು. ಅವರ ಕಥೆಯಲ್ಲಿ ತಾವು ರಾಹುಕಾಲ ಪಾಲಿಸಿದ್ದರಿಂದಲೇ ಸುಗಂಧಿಯ ಜರ್ಮನ್ ಜಗತ್ತಿಗೆ ತಿಳಿಯಿತು ಎಂದಾಗಿತ್ತು. ಅದನ್ನು ತಿದ್ದಲು ಸುಗಂಧಿ ಅಲ್ಲಿರಲಿಲ್ಲ. ಯಾರೂ ಕರೆಯದೆ, ಯಾರೂ ಕೆಣಕದೆ, ಆಕೆ ಜರ್ಮನಿಯ ಮನೆಯ ಮೆಟ್ಟಿಲು ಹತ್ತಿದ್ದಳು. ಒಳಗಿನಿಂದ ಆಕೆಯ ಗಡಸು ಕಂಠವೂ ಅದಕ್ಕೆ ಉತ್ತರವಾಗಿ ನಗುವೂ ಕೇಳಿಬರುತ್ತಿದ್ದವು.

"ಸುಗಂಧಿ ಅವರೇ!" ಎಂದು ಓಂಕಾರಪ್ಪನವರು ಮೇಜಿನಿಂದ ಕೂಗಿದರು. "ತಿಂಡಿ ತಣ್ಣಗಾಗ್ತಿದೆ!"

ಕಿಟಕಿಯಿಂದ ಒಂದೇ ಮಾತು ಬಂತು.

"ಆಗಲಿ."