ಕತ್ತಲೆಗೆಂದು ಮಾಡಿದ ಮುಖ

ಉಣ್ಣದೆ ಹಟ ಹಿಡಿದ ಮಕ್ಕಳಿಗೆ ಆ ವಠಾರದ ತಾಯಂದಿರು ಹೇಳುತ್ತಿದ್ದುದು ಒಂದೇ ಮಾತು: “ಮೇಲಿನ ಮನೆ ಅಕ್ಕನ್ನ ಕರೀಲಾ?” ಅಷ್ಟಕ್ಕೇ ತಟ್ಟೆ ಖಾಲಿ.

ಮೇಲಿನ ಮನೆಯಲ್ಲಿದ್ದವರು ಇಬ್ಬರೇ. ಸಿನಿಮಾದವರ ಮುಖಕ್ಕೆ ಬಣ್ಣ ಬಳಿದು ಬದುಕಿದ ಬಣ್ಣದ ಮಾಮ, ಮತ್ತೆ ಅವನ ಅಕ್ಕ. ಇರುವೆಗೂ ದಾರಿ ಬಿಟ್ಟು ನಡೆಯುವ ಹೆಂಗಸು ಅವಳು. ಆದರೆ ಹಿಂದೊಮ್ಮೆ, ಒಂದು ಸಿನಿಮಾದಲ್ಲಿ ಮಹಡಿ ಮೆಟ್ಟಿಲಿಳಿದು ಬರುವ ದೆವ್ವದ ವೇಷಕ್ಕೆ, ಅಂಟು ಹಚ್ಚಿದರೆ ಚರ್ಮ ಕೆಡುತ್ತದೆಂದು ನಾಯಕಿ ಮೂಗು ಮುರಿದಾಗ, ತಮ್ಮನ ಕೆಲಸ ಹೋಗದಿರಲಿ ಎಂದು ನಾಯಕಿಯ ಬದಲು ಈಕೆಯೇ ಬಣ್ಣ ಹಚ್ಚುವ ಕುರ್ಚಿಯಲ್ಲಿ ಕೂತಿದ್ದಳು. ಹತ್ತಿ, ತೆಳು ಕಾಗದ, ಅಂಟು. ಇಷ್ಟರಲ್ಲೇ ಅವನು ಮುಖ ಕಟ್ಟಿದ. ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿ, ಕ್ಯಾಮೆರಾದವನಿಂದ ಒಂದೇ ದೀಪ ಹಾಕಿಸಿದ, ಅದೂ ಕೆಳಗಿನಿಂದ. ಮಿಕ್ಕದ್ದೆಲ್ಲ ಕತ್ತಲೆ. ನೋಡಿದವರು ಒಬ್ಬರ ಕೈ ಒಬ್ಬರು ಹಿಡಿದು ಮನೆ ಸೇರಿದರು. ಅಂಟಿನ ಜೊತೆ ಕಿತ್ತು ಬಂದ ಅಕ್ಕನ ಎಡಹುಬ್ಬು ಮತ್ತೆ ಬೆಳೆಯಲಿಲ್ಲ. ಪರದೆಯ ಮೇಲೆ ಇಬ್ಬರ ಹೆಸರೂ ಬರಲಿಲ್ಲ.

ಈಗ ಆ ಹಳೆಯ ರೀಲನ್ನು ತೊಳೆದು ತಿದ್ದಿ, ಮನೆಯಲ್ಲೇ ನೋಡುವಂತೆ ಡಿಸ್ಕ್ ಬಿಟ್ಟರು. ಕೆಳಗಿನ ಮನೆಯ ಟೈಲರ್ ತನ್ನ ದೊಡ್ಡ ಟೀವಿ ಮುಂದೆ ವಠಾರವನ್ನೆಲ್ಲ ಕೂರಿಸಿದ. ಈ ಸಲ ಶುರುವಿಗೇ ಮಾಮನ ಹೆಸರು ಬಂತು, ಚಪ್ಪಾಳೆ ಬಿತ್ತು. ಆಮೇಲೆ ದೆವ್ವ ಬಂತು, ಹಾಡುಹಗಲಿನಲ್ಲಿ ಬಂದ ಹಾಗೆ. ಕತ್ತಿನ ಬಳಿ ಕಾಗದದ ಅಂಚು, ಕೆನ್ನೆಯಿಂದ ಎದ್ದ ಹತ್ತಿ. ಯಾರೋ ಕಿಸಕ್ಕೆಂದರು. ಮತ್ತೆ ತಡೆಯುವವರಿಲ್ಲ.

“ದಿಂಬು ಹರ್ಕೊಂಡು ಎದ್ದು ಬಂದ್ರಾ ಅಕ್ಕಾ?” ಎಂದ ಟೈಲರ್.

ಅಕ್ಕನೂ ನಗಲು ನೋಡಿದಳು. ಕೈ ಮಾತ್ರ ಬೋಳು ಹುಬ್ಬನ್ನು ಮುಚ್ಚಿಕೊಂಡಿತ್ತು.

ಮಾಮನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಮಾರನೆಯ ದಿನವೇ ಡಿಸ್ಕ್ ಬಿಟ್ಟ ಕಂಪನಿಗೆ ಹೋದ. ಅಲ್ಲಿನ ಮೇಲ್ವಿಚಾರಕ ಕುರ್ಚಿ ಕೊಟ್ಟು, ಇಷ್ಟು ಕಾಲ ಮರೆಯಾಗಿದ್ದ ನಿಮ್ಮ ಕೈಕೆಲಸ ಈಗ ಕೂದಲೆಳೆಯೂ ಬಿಡದೆ ಕಾಣುತ್ತದೆ ಎಂದು ಹೊಗಳಿದ.

“ಕಾಣಬಾರದು ಅಂತಲೇ ಮಾಡಿದ್ದು ಸ್ವಾಮಿ. ಆ ಕತ್ತಲೇನು ಕೊಳೆನಾ, ತೊಳೆಯೋಕೆ? ಅದೂ ನಾನು ಹಚ್ಚಿದ ಬಣ್ಣಾನೇ.”

ಜನ ಸ್ಪಷ್ಟವಾಗಿರುವುದನ್ನೇ ಕೇಳುತ್ತಾರೆ ಎಂದನಾತ. ಹಾಗಾದರೆ ನನ್ನ ಹೆಸರನ್ನಾದರೂ ತೆಗೆಯಿರಿ ಎಂದ ಮಾಮ. ಡಿಸ್ಕ್ ಅಂಗಡಿ ಸೇರಿಯಾಗಿದೆ, ಇನ್ನು ಆಗದು ಎಂದ ಮೇಲ್ವಿಚಾರಕ. ದುಡಿದಾಗ ಬಾರದ ಹೆಸರು ಕೆಡಿಸಿದ ಮೇಲೆ ಬಂದು ಠಿಕಾಣಿ ಹೂಡಿ ಕೂತಿತ್ತು.

ವಠಾರದ ಮಕ್ಕಳು ಕೆನ್ನೆಗೆ ಹತ್ತಿ ಅಂಟಿಸಿಕೊಂಡು ಅಕ್ಕನ ಬಾಗಿಲಲ್ಲಿ ಕುಣಿಯತೊಡಗಿದರು. ದೊಡ್ಡವರು ಗದರಲಿಲ್ಲ. ಅಕ್ಕ ಅಂಗಡಿಗೆ ಹೋಗುವುದನ್ನೂ ಬಿಟ್ಟಳು. ಈ ನಗೆಯ ನಡುವೆ ಅವಳನ್ನು ಇರಿಸಲಾರೆನೆಂದು ಮಾಮ ಬೇರೆ ಬೀದಿಯಲ್ಲಿ ಮನೆ ಹಿಡಿದ. ಸಾಮಾನೆಲ್ಲ ಹೋಗಿ, ಕುರ್ಚಿಯೂ ಬಣ್ಣದ ಪೆಟ್ಟಿಗೆಯೂ ಉಳಿದವು.

“ಕೂತ್ಕೋ ಅಕ್ಕಾ, ಇದೊಂದ್ಸಲ.”

“ಇನ್ನೊಂದು ಹುಬ್ಬಿನ ಮೇಲೂ ಕಣ್ಣು ಬಿತ್ತೇನೋ?” ಎನ್ನುತ್ತಲೇ ಕೂತಳು.

ಹತ್ತಿ, ಕಾಗದ, ಅಂಟು ಮತ್ತೆ ಆ ಮುಖವಾಗುವಷ್ಟರಲ್ಲಿ ಹೊತ್ತು ಮುಳುಗಿತು. ಮಾಮ ಮೆಟ್ಟಿಲ ಬಲ್ಬುಗಳನ್ನೆಲ್ಲ ಬಿಚ್ಚಿದ, ತೀರಾ ಕೆಳಗಿನದೊಂದನ್ನು ಬಿಟ್ಟ. ಬೀಳ್ಕೊಡಲು ಟೈಲರನೂ ತಾಯಂದಿರೂ ಮಕ್ಕಳೂ ಬುಡದಲ್ಲಿ ನಿಂತಿದ್ದರು, ನಗಲು ತಯಾರಾಗಿಯೇ. ಅಕ್ಕ ಇಳಿಯತೊಡಗಿದಳು. ಮೊದಲು ನಕ್ಕವನು ಟೈಲರ್. ಮೊದಲು ನಿಂತದ್ದೂ ಅವನ ನಗುವೇ. ಒಂದು ಮಗು ಅಮ್ಮನ ತೊಡೆಗೆ ಮುಖ ಹುದುಗಿಸಿತು. ಗುಂಪು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಿತು.

ಹಿಂದೆ ಪೆಟ್ಟಿಗೆ ಹೊತ್ತು ಬಂದ ಮಾಮ ಯಾರಿಗೂ ಹೋಗಿಬರುತ್ತೇನೆ ಎನ್ನಲಿಲ್ಲ. ಬಿಚ್ಚಿದ ಬಲ್ಬುಗಳನ್ನು ಟೈಲರನ ಕೈಗೆ ತುರುಕಿ ಬೀದಿಗಿಳಿದ.